ಬಾಕ್ಸ್ ಮೇಲೆ 3200, ಸ್ಕ್ರೀನ್ ಮೇಲೆ 2400!

ಹೋದ ಮಳೆಗಾಲದಲ್ಲಿ ಹಾಸನದಿಂದ ಅಕ್ಕನ ಮಗ ಫೋನ್ ಮಾಡಿದ್ದ. "ಮಾಮ, ನಂಗೆ ಮೋಸ ಆಗಿದೆ. 3200ರ ರ‍್ಯಾಮ್ ಅಂತ ದುಡ್ಡು ತಗೊಂಡು 2400ರದ್ದು ಕೊಟ್ಟಿದ್ದಾರೆ." ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬಿಡಿಭಾಗ ತಂದು, ಊಟದ ಮೇಜಿನ ಮೇಲೆ ಹರಡಿಕೊಂಡು ಅವನೇ ಜೋಡಿಸಿದ ಕಂಪ್ಯೂಟರ್ ಅದು. ರೈಜನ್ 5 5600ಜಿ ಪ್ರೊಸೆಸರ್, 8 ಜಿಬಿಯ ಎರಡು ರ‍್ಯಾಮ್, ಮದರ್‌ಬೋರ್ಡ್ ಮಾತ್ರ ಸೆಕೆಂಡ್ ಹ್ಯಾಂಡ್. "ಅಂಗಡಿಯವರಿಗೆ ಬಯ್ಯೋಕೆ ಮುಂಚೆ ಒಂದ್ಸಲ ಬಯಾಸ್ ನೋಡು ಮಾರಾಯ" ಎಂದೆ. 3200, 2400 ಎಂದರೆ ರ‍್ಯಾಮ್ ಓಡುವ ವೇಗ. ಬಯಾಸ್ ಎಂದರೆ ವಿಂಡೋಸ್‌ಗೂ ಮುಂಚೆ ಏಳುವ, ಬೋರ್ಡ್‌ನ ಸೆಟ್ಟಿಂಗ್‌ಗಳಿರುವ ಜಾಗ.

ಮೋಸ ಏನೂ ಆಗಿರಲಿಲ್ಲ. ಪ್ರತಿ ರ‍್ಯಾಮ್ ಪಟ್ಟಿಯ ಮೇಲೂ ಒಂದು ಪುಟ್ಟ ಚಿಪ್ ಇರುತ್ತದೆ. ಯಾವ ವೇಗದಲ್ಲಿ, ಎಷ್ಟು ವೋಲ್ಟ್‌ನಲ್ಲಿ ಓಡಬಹುದು ಎಂಬ ವಿವರ ಅದರಲ್ಲಿದೆ. ಡಿಡಿಆರ್4 ಎಂಬ ತಲೆಮಾರಿನ ರ‍್ಯಾಮ್ ಆದರೆ 1.2 ವೋಲ್ಟ್‌ನ ನಿಧಾನದ ವೇಗ ಒಂದು. ಅದು ಎಲ್ಲ ಬೋರ್ಡ್‌ಗೂ ಒಗ್ಗುವಂಥದ್ದು. ಬಾಕ್ಸ್ ಮೇಲೆ ದೊಡ್ಡದಾಗಿ ಅಚ್ಚು ಹಾಕಿರುವ ವೇಗ ಇನ್ನೊಂದು. ಅದಕ್ಕೆ ಸಾಮಾನ್ಯವಾಗಿ 1.35 ವೋಲ್ಟ್ ಬೇಕು. ಹೊಸದಾಗಿ ಜೋಡಿಸಿದ ಬೋರ್ಡ್ ಮೊದಲನೆಯದನ್ನೇ ಹಿಡಿಯುತ್ತದೆ. ಎರಡನೆಯದನ್ನು ನಾವೇ ಹೋಗಿ ಆನ್ ಮಾಡಬೇಕು.

ನಿಜವಾದ ಅಂಕಿ ಎಲ್ಲಿದೆ?

ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪರ್ಫಾರ್ಮೆನ್ಸ್, ಅದರೊಳಗೆ ಮೆಮೊರಿ. ಅಲ್ಲಿ ಸ್ಪೀಡ್ ಎಂದು ಇರುವುದೇ ಈಗ ಓಡುತ್ತಿರುವ ವೇಗ. ಸಿಪಿಯು-ಝಡ್ ಎಂಬ ಪುಕ್ಕಟೆ ತಂತ್ರಾಂಶದಲ್ಲಿ ನೋಡಿದರೆ 3200ರಲ್ಲಿ ಓಡುವ ರ‍್ಯಾಮ್‌ಗೂ 1600 ಎಂದು ಕಂಡು ಎದೆ ಝಲ್ ಎನ್ನಬಹುದು. ಗಾಬರಿ ಬೇಡ. ಡಿಡಿಆರ್ ರ‍್ಯಾಮ್ ಒಂದು ಬಡಿತಕ್ಕೆ ಎರಡು ಸಲ ಮಾಹಿತಿ ಸಾಗಿಸುತ್ತದೆ. 1600ರ ಎರಡರಷ್ಟು 3200, ಲೆಕ್ಕ ಸರಿಯಾಗೇ ಇದೆ.

ನಿಮ್ಮ ಪ್ರೊಸೆಸರ್ ಮತ್ತು ಬೋರ್ಡ್ ಎಷ್ಟಕ್ಕೆ ಒಪ್ಪುತ್ತವೆ ಎಂದೂ ನೋಡಿಕೊಳ್ಳಿ. ಇಂಟೆಲ್ ಐ5-10400 ಪ್ರೊಸೆಸರನ್ನು ಎಚ್410 ಬೋರ್ಡ್ ಮೇಲೆ ಕೂರಿಸಿದವರಿಗೆ 2666ರ ಮೇಲೆ ಹೋಗಲು ದಾರಿಯೇ ಇಲ್ಲ. 3200ರ ರ‍್ಯಾಮ್ ಹಾಕಿದರೂ ಅಷ್ಟೇ. ಅಂಥವರು ಇಲ್ಲಿಗೇ ಓದು ನಿಲ್ಲಿಸಿ ಕಾಫಿ ಕುಡಿಯಬಹುದು.

ಯಾವ ಸ್ಲಾಟ್?

ನಮ್ಮ ಹುಡುಗ ಎರಡು ರ‍್ಯಾಮನ್ನೂ ಅಕ್ಕಪಕ್ಕ ಹಾಕಿದ್ದ. ನಾಲ್ಕು ಸ್ಲಾಟ್ ಇರುವ ಬೋರ್ಡ್‌ಗಳಲ್ಲಿ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದು, ನಾಲ್ಕನೆಯದಕ್ಕೆ ಹಾಕಬೇಕು. ಮೊದಲೆರಡರಲ್ಲೋ ಕೊನೆಯೆರಡರಲ್ಲೋ ಅಕ್ಕಪಕ್ಕ ಹಾಕಿದರೆ ಎರಡೂ ಒಂದೇ ದಾರಿಗೆ, ಅಂದರೆ ಒಂದೇ ಚಾನೆಲ್‌ಗೆ ಬೀಳುತ್ತವೆ. ಎರಡು ಬಾಗಿಲಿರುವ ಬಸ್ಸಿಗೆ ಒಂದೇ ಬಾಗಿಲಲ್ಲಿ ನುಗ್ಗಿದ ಹಾಗೆ. 5600ಜಿಯಂಥ ಪ್ರೊಸೆಸರ್‌ಗೆ ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕದಿದ್ದರೆ ಅದು ಚಿತ್ರ ಮೂಡಿಸಲೂ ಈ ರ‍್ಯಾಮನ್ನೇ ಬಳಸುತ್ತದೆ. ಆಟ ಆಡುವವರಿಗೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ನುಡಿ ತಂತ್ರಾಂಶದಲ್ಲಿ ಪತ್ರ ಟೈಪ್ ಮಾಡುವವರಿಗೆ ಏನೂ ಗೊತ್ತಾಗುವುದಿಲ್ಲ, ಬಿಡಿ.

ಪ್ಲಗ್ ತೆಗೆದು, ಕೇಸ್‌ನ ಲೋಹ ಮುಟ್ಟಿ, ಆಮೇಲೆ ರ‍್ಯಾಮ್ ಬಿಚ್ಚಿ. ಕೂರಿಸುವಾಗ ಕಟಕ್ ಎಂದು ಸದ್ದು ಬರಲೇಬೇಕು.

ಬಯಾಸ್‌ನೊಳಗೆ

ಕಂಪ್ಯೂಟರ್ ಆನ್ ಆಗುವಾಗ ಡಿಲೀಟ್ ಅಥವಾ ಎಫ್2 ಕೀಯನ್ನು ಟಕಟಕ ಒತ್ತುತ್ತಿರಿ. ಒಳಗೆ ಎಕ್ಸ್‌ಎಂಪಿ ಎಂಬ ಆಯ್ಕೆ ಹುಡುಕಿ. ಬಾಕ್ಸ್ ಮೇಲಿನ ವೇಗ ಆನ್ ಮಾಡುವುದು ಅದೇ. ಆಸುಸ್‌ನ ಎಎಂಡಿ ಬೋರ್ಡ್‌ಗಳಲ್ಲಿ ಅದನ್ನೇ ಡಿಒಸಿಪಿ ಎನ್ನುತ್ತಾರೆ, ಎಂಎಸ್‌ಐ ಎ-ಎಕ್ಸ್‌ಎಂಪಿ ಎನ್ನುತ್ತದೆ. ಮುಂದಿನ ತಲೆಮಾರಿನ ಡಿಡಿಆರ್5 ಬಂದಮೇಲೆ ಎಎಂಡಿಯವರದೇ ಎಕ್ಸ್‌ಪೋ ಕೂಡ ಇದೆ. ಹೆಸರು ಏನೇ ಇರಲಿ, ಅದರಲ್ಲಿರುವ ಮೊದಲ ಪ್ರೊಫೈಲ್ (ವೇಗ, ವೋಲ್ಟ್‌ನ ಸಿದ್ಧ ಜೋಡಿ) ಆರಿಸಿ, ಎಫ್10 ಒತ್ತಿ ಉಳಿಸಿ. ಅದಕ್ಕೂ ಮುಂಚೆ ಈಗಿನ ಸೆಟ್ಟಿಂಗ್‌ನ ಫೋಟೊ ಮೊಬೈಲ್‌ನಲ್ಲಿ ತೆಗೆದಿಟ್ಟುಕೊಳ್ಳಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ನಾಲ್ಕು ಬದಲಿಸಿದಿರೋ, ಕೆಟ್ಟಾಗ ಯಾವುದರಿಂದ ಕೆಟ್ಟಿತು ಎಂದು ಆ ದೇವರಿಗೂ ತಿಳಿಯುವುದಿಲ್ಲ.

ಎಫ್10 ಒತ್ತಿದ ಮೇಲೆ ಮತ್ತೆ ಫೋನ್. "ಮಾಮ, ಸತ್ತೋಯ್ತು. ಸ್ಕ್ರೀನ್ ಪೂರ್ತಿ ಕಪ್ಪು."

"ಎರಡು ನಿಮಿಷ ಕೈ ಕಟ್ಕೊಂಡು ಕೂತ್ಕೋ."

ವೇಗ ಬದಲಾದಾಗ ಬೋರ್ಡ್ ರ‍್ಯಾಮ್ ಜೊತೆ ಹೊಸದಾಗಿ ಹೊಂದಿಕೊಳ್ಳಬೇಕು. ತಾನೇ ಆರಿ ಹತ್ತುವುದೂ ಉಂಟು. ಡಿಡಿಆರ್5ಗೆ ಮೊದಲ ಸಲ ಕೆಲವು ನಿಮಿಷಗಳೇ ಹಿಡಿಯಬಹುದು. ಆ ಹೊತ್ತಿನಲ್ಲಿ ಪ್ಲಗ್ ಕೀಳಬೇಡಿ. ಇವನದು ಅರ್ಧ ನಿಮಿಷದಲ್ಲಿ ಎದ್ದು ಕೂತಿತು, 3200ರಲ್ಲಿ.

ಏಳಲೇ ಇಲ್ಲವೇ? ಪ್ಲಗ್ ತೆಗೆಯಿರಿ. ಬೋರ್ಡ್ ಮೇಲೆ ಸಿಎಂಒಎಸ್ (ಬಯಾಸ್ ಸೆಟ್ಟಿಂಗ್ ನೆನಪಿಡುವ ಜಾಗ) ಕ್ಲಿಯರ್ ಮಾಡುವ ಎರಡು ಪಿನ್ ಇರುತ್ತವೆ, ಜಾಗ ಮ್ಯಾನುಯಲ್‌ನಲ್ಲಿದೆ. ಸ್ಕ್ರೂಡ್ರೈವರ್ ತುದಿಯಿಂದ ಎರಡನ್ನೂ ಹತ್ತು ಸೆಕೆಂಡ್ ಸೇರಿಸಿ ಹಿಡಿಯಿರಿ. ಸೆಟ್ಟಿಂಗ್ ಮೊದಲಿನಂತಾಗುತ್ತದೆ. ಆಮೇಲೆ ಪ್ರೊಫೈಲ್ ಆನ್ ಮಾಡಿ, ವೇಗವನ್ನು ಮಾತ್ರ 3000ಕ್ಕೆ, ಆಗದಿದ್ದರೆ 2933ಕ್ಕೆ ಇಳಿಸಿ ನೋಡಿ. ಒಂದೊಂದೇ ರ‍್ಯಾಮ್ ಹಾಕಿಯೂ ಪರೀಕ್ಷಿಸಿ. ಬೇರೆ ಬೇರೆ ಸಲ ಕೊಂಡ ರ‍್ಯಾಮ್ ಬೆರೆಸಿದ್ದರೆ, ನಾಲ್ಕೂ ಸ್ಲಾಟ್ ತುಂಬಿದ್ದರೆ ಪೂರ್ತಿ ವೇಗ ಸಿಗದಿರುವುದು ಮಾಮೂಲಿ. ವೋಲ್ಟೇಜ್ ಏರಿಸಿ ಹಠ ಮಾಡಬೇಡಿ.

ಎದ್ದ ಮಾತ್ರಕ್ಕೆ ಗೆದ್ದ ಹಾಗಲ್ಲ. ರ‍್ಯಾಮ್ ಪರೀಕ್ಷಿಸುವ ತಂತ್ರಾಂಶ ಮೆಮ್‌ಟೆಸ್ಟ್86 ಅನ್ನು ಪೆನ್‌ಡ್ರೈವ್‌ಗೆ ಹಾಕಿ, ಅದರಿಂದ ಬೂಟ್ ಮಾಡಿ, ರಾತ್ರಿ ಓಡಲು ಬಿಡಿ. ಒಂದೇ ಒಂದು ತಪ್ಪು ತೋರಿಸಿದರೂ ವೇಗ ಇಳಿಸಿ. ಇಲ್ಲದಿದ್ದರೆ ಫೈಲ್‌ಗಳು ಸದ್ದಿಲ್ಲದೆ ಹಾಳಾಗುತ್ತವೆ.

ಗುಡುಗಿನ ಕಾಟ

ಹತ್ತು ದಿನ ಕಳೆದಿರಲಿಲ್ಲ, ಮತ್ತೆ 2400. ಪ್ರೊಫೈಲ್ ಆನ್ ಮಾಡಿದ. ನಾಲ್ಕು ದಿನಕ್ಕೆ ಮತ್ತೆ ಅದೇ ಕಥೆ. ಕೊನೆಗೆ ಬೇಲೂರು ದಾಟಿ ನಾನೇ ಹೋದೆ. ಚಿಕ್ಕಮಗಳೂರಿನಿಂದ ಅರವತ್ತು ಕಿಲೋಮೀಟರ್, ದಾರಿಯುದ್ದಕ್ಕೂ ಮಳೆ. ಬಯಾಸ್ ತೆರೆದರೆ ತಾರೀಕು ಹಲವು ವರ್ಷ ಹಿಂದಕ್ಕೆ ಹೋಗಿ ಕೂತಿತ್ತು. ವಿಂಡೋಸ್ ಇಂಟರ್‌ನೆಟ್‌ನಿಂದ ಸಮಯ ಸರಿಮಾಡಿಕೊಳ್ಳುತ್ತಿತ್ತಲ್ಲ, ಅದಕ್ಕೇ ಅವನ ಕಣ್ಣಿಗೆ ಬಿದ್ದಿರಲಿಲ್ಲ.

"ದಿನಾ ಪ್ಲಗ್ ತೆಗಿತೀಯೇನೋ?"

"ನಾನಲ್ಲ. ಗುಡುಗಿದ್ರೆ ಅಮ್ಮ ಕೀಳ್ತಾಳೆ."

ಅಕ್ಕ ಮಾಡಿದ್ದು ಸರಿಯೇ. ಮಲೆನಾಡಿನ ಸಿಡಿಲಿಗೆ ಅದಕ್ಕಿಂತ ಒಳ್ಳೆ ಮದ್ದಿಲ್ಲ. ಪ್ಲಗ್ ಇರುವಷ್ಟು ಹೊತ್ತು ಬೋರ್ಡ್‌ಗೆ ಸ್ವಲ್ಪ ಕರೆಂಟ್ ಸಿಗುತ್ತಿರುತ್ತದೆ. ಕಿತ್ತರೆ ಸಿಆರ್2032 ಎಂಬ ಬಿಲ್ಲೆ ಬ್ಯಾಟರಿಯೇ ಗತಿ. ಹಳೆ ಬೋರ್ಡ್‌ನಲ್ಲಿ ಅದು ಸತ್ತಿತ್ತು. ಬ್ಯಾಟರಿ ಸತ್ತರೆ ಎಷ್ಟೋ ಬೋರ್ಡ್‌ಗಳು ಸೆಟ್ಟಿಂಗ್ ಮರೆತು ಮೊದಲಿನ ವೇಗಕ್ಕೇ ಇಳಿಯುತ್ತವೆ.

ಗಡಿಯಾರ ರಿಪೇರಿ ಅಂಗಡಿಯಲ್ಲಿ ಒಂದು ಬ್ಯಾಟರಿ ತಂದೆವು, ಬರೆದಿರುವ ಬದಿ ಮೇಲೆ ಬರುವಂತೆ ಒತ್ತಿ ಕೂರಿಸಿದೆವು. ತಾರೀಕು ಸರಿಮಾಡಿ, ಪ್ರೊಫೈಲ್ ಆನ್ ಮಾಡಿದೆವು. ಸಂಜೆ ಮತ್ತೆ ಗುಡುಗಿತು. ಅಕ್ಕ ಎದ್ದುಹೋಗಿ ಪ್ಲಗ್ ಕಿತ್ತಳು. ಮಳೆ ನಿಂತ ಮೇಲೆ ಹಾಕಿ ನೋಡಿದರೆ 3200.