ಬಾಡಿಗೆ ಎಷ್ಟು ಬರುತ್ತದೆ ಅಂತ ಆಮೇಲೆ ಕೇಳಿ, ದುಡ್ಡು ವಾಪಸ್ ಹೇಗೆ ಅಂತ ಮೊದಲು ಕೇಳಿ

ಪ್ರಾಪರ್ಟಿ ಫಂಡಿಗೆ ದುಡ್ಡು ಹಾಕುವ ಮುಂಚೆ ಒಂದು ಮಾತು: ಕಟ್ಟಡ ಮಾರಿ ದುಡ್ಡು ಮಾಡುವುದು ಬೇಗ ಆಗುವ ಕೆಲಸವಲ್ಲ. ಒಂದು 30x40 ಸೈಟ್ ಮಾರಿದವರಿಗೆ ಇದನ್ನು ಹೇಳಬೇಕಾಗಿಲ್ಲ. ಬ್ರೋಕರ್‌ಗೆ ಹೇಳಿ, ಇಸಿ (ಋಣಭಾರ ಪತ್ರ) ತೆಗೆಸಿ, ಖಾತಾ ಸರಿಮಾಡಿಸಿ, ಬಂದವರೆಲ್ಲ ಚೌಕಾಸಿ ಮಾಡಿ ಹೋಗಿ, ಕೊನೆಗೊಬ್ಬರು ಅಡ್ವಾನ್ಸ್ ಕೊಟ್ಟು, ಅವರ ಬ್ಯಾಂಕ್ ಲೋನ್ ಆಗಿ, ಸಬ್ ರಿಜಿಸ್ಟ್ರಾರ್ ಆಫೀಸಿನ ಮೆಟ್ಟಿಲು ಹತ್ತುವ ಹೊತ್ತಿಗೆ ಆರು ತಿಂಗಳಾಗಿರುತ್ತದೆ. ಒಂದು ಸೈಟಿಗೇ ಹೀಗಾದರೆ ಇಪ್ಪತ್ತು ಮಹಡಿಯ ಆಫೀಸ್ ಕಟ್ಟಡಕ್ಕೆ? ಪ್ರಾಪರ್ಟಿ ಫಂಡಿನಲ್ಲಿ ನಾವು ಕೊಳ್ಳುವುದು ಅಂಥ ಕಟ್ಟಡದ ಒಂದು ಚೂರು. ಆ್ಯಪ್‌ನಲ್ಲಿ ಮಾತ್ರ ಅದು ಎಸ್‌ಬಿ ಅಕೌಂಟಿನಷ್ಟು ಸಲೀಸಾಗಿ ಕಾಣುತ್ತದೆ.

ಬ್ರಿಟನ್ನಿನವರಿಗೆ ಇದು 2016ರಲ್ಲಿ ಚೆನ್ನಾಗಿ ಅರ್ಥವಾಯಿತು. ಅಲ್ಲಿನ ಪ್ರಾಪರ್ಟಿ ಫಂಡುಗಳು ಯಾವ ದಿನ ಕೇಳಿದರೂ ದುಡ್ಡು ಕೊಡುತ್ತೇವೆ ಅನ್ನುತ್ತಿದ್ದವು. ಜೂನ್ 23ಕ್ಕೆ ಯುರೋಪಿಯನ್ ಒಕ್ಕೂಟ ಬಿಡುವ ಬ್ರೆಕ್ಸಿಟ್ ಮತದಾನ ಆಯಿತು, ಆಫೀಸುಗಳ ಬೆಲೆ ಬೀಳುತ್ತದೆ ಅಂತ ಎಲ್ಲರೂ ಒಟ್ಟಿಗೆ ಓಡಿ ಬಂದರು. ಜುಲೈ 4ಕ್ಕೆ ಸ್ಟ್ಯಾಂಡರ್ಡ್ ಲೈಫ್ ಅನ್ನುವ ಹೂಡಿಕೆ ಕಂಪನಿ ತನ್ನ 290 ಕೋಟಿ ಪೌಂಡಿನ ಫಂಡಿಗೆ ಬೀಗ ಹಾಕಿತು. ಮಾರನೇ ದಿನ ಅವಿವಾ, ಎಂ ಆ್ಯಂಡ್ ಜಿ. ಅಬರ್ಡೀನ್ ಕಂಪನಿ ಹೋಗುವವರು ಹೋಗಿ ಅಂದಿತು, ಆದರೆ ಬೆಲೆಯಲ್ಲಿ 17% ಕತ್ತರಿಸಿ. ಮೋಸವೇನೂ ಇಲ್ಲ. ಕೈಯಲ್ಲಿದ್ದ ನಗದು ಸಾಲಲಿಲ್ಲ, ಕಟ್ಟಡ ಬೇಗ ಮಾರಾಟವಾಗಲಿಲ್ಲ, ಅಷ್ಟೇ.

ಸರಿ, ದುಡ್ಡು ಹಾಕುವ ಮುಂಚೆ ಏನು ನೋಡಬೇಕು?

ಮೊದಲು, ಅದು ಯಾವ ಬಗೆಯದ್ದು ಅಂತ ನೋಡಿ. ಷೇರು ಪೇಟೆಯ ರೀಟ್ (ಬಾಡಿಗೆ ಕಟ್ಟಡಗಳ ಟ್ರಸ್ಟ್) ಆದರೆ (ಬೆಂಗಳೂರು ನಾಗವಾರದ ಮಾನ್ಯತಾ ಟೆಕ್ ಪಾರ್ಕ್ ಇರುವ ಎಂಬೆಸಿ ರೀಟ್ 2019ರಲ್ಲಿ ಪೇಟೆಗೆ ಬಂತು) ಅಲ್ಲಿ ಫಂಡ್ ನಿಮಗೆ ದುಡ್ಡು ವಾಪಸ್ ಕೊಡುವುದೇ ಇಲ್ಲ. ನಿಮ್ಮ ಯೂನಿಟ್ಟನ್ನು ಇನ್ನೊಬ್ಬರಿಗೆ ಮಾರುತ್ತೀರಿ. ಬಾಗಿಲು ತೆರೆದೇ ಇರುತ್ತದೆ, ಬೆಲೆ ಮಾತ್ರ ಆ ದಿನದ್ದು. ಎಐಎಫ್ (ದೊಡ್ಡ ಹೂಡಿಕೆದಾರರ ಖಾಸಗಿ ಫಂಡ್) ಅಂದರೆ ಕಥೆ ಬೇರೆ. ಸಾಮಾನ್ಯವಾಗಿ 1 ಕೋಟಿ ಹಾಕಬೇಕು. ಎರಡನೇ ವರ್ಗದ್ದಾದರೆ (ಕೆಟಗರಿ 2) ಕನಿಷ್ಠ 3 ವರ್ಷದ ಅವಧಿ, ಮಧ್ಯದಲ್ಲಿ ದುಡ್ಡು ವಾಪಸ್ ಕೇಳುವ ಹಾಗಿಲ್ಲ. ಅವಧಿ ಮುಗಿದರೂ ಮೂರನೇ ಎರಡು ಪಾಲು ಮೌಲ್ಯದ ಹೂಡಿಕೆದಾರರು ಒಪ್ಪಿದರೆ ಇನ್ನೂ 2 ವರ್ಷ ಎಳೆಯಬಹುದು. ನೀವು ಒಪ್ಪದಿದ್ದರೂ!

ಆಮೇಲೆ ಫಂಡಿನ ನಿಯಮಗಳಿರುವ ಆಫರ್ ಡಾಕ್ಯುಮೆಂಟ್ ತೆಗೆಯಿರಿ. ಪೂರ್ತಿ ಯಾರೂ ಓದುವುದಿಲ್ಲ, ನಾನೂ ಓದುವುದಿಲ್ಲ. ಪಿಡಿಎಫ್‌ನಲ್ಲಿ ಲಾಕ್-ಇನ್ (ತೆಗೆಯಲಾಗದ ಅವಧಿ), ರಿಡೆಂಪ್ಷನ್ (ದುಡ್ಡು ವಾಪಸಾತಿ), ಸಸ್ಪೆನ್ಷನ್ (ವಾಪಸಾತಿ ತಡೆ) ಅಂತ ಹುಡುಕಿ, ಆ ಪುಟಗಳನ್ನಾದರೂ ಓದಿ. ಹೊರದೇಶದ ಫಂಡ್ ಆದರೆ ವಾಪಸಾತಿಗೆ ಮಿತಿ ಇದೆಯಾ ನೋಡಿ. ಅಮೆರಿಕದಲ್ಲಿ ಮಗನೋ ಮಗಳೋ ಇದ್ದರೆ ಈ ಭಾಗ ಅವರಿಗೆ ಕಳಿಸಿ. ಬ್ಲ್ಯಾಕ್‌ಸ್ಟೋನಿನ ಬಿ-ರೀಟ್ ಫಂಡಿನಲ್ಲಿ ತಿಂಗಳಿಗೆ ಒಟ್ಟು ಮೌಲ್ಯದ 2%, ಮೂರು ತಿಂಗಳಿಗೆ 5% ಮಾತ್ರ ವಾಪಸ್ ಅಂತ ಮೊದಲೇ ಬರೆದಿತ್ತು. 2022ರ ನವೆಂಬರ್‌ನಲ್ಲಿ ಕೇಳಿದ್ದರಲ್ಲಿ 43% ಮಾತ್ರ ಸಿಕ್ಕಿತು. 10,000 ಡಾಲರ್ ಕೇಳಿದವರ ಕೈಗೆ 4,300. ಉಳಿದದ್ದಕ್ಕೆ ಮುಂದಿನ ತಿಂಗಳು ಹೊಸದಾಗಿ ಅರ್ಜಿ ಹಾಕಬೇಕು, ಮತ್ತೆ ಕ್ಯೂ. ಕೇಳಿದವರಿಗೆಲ್ಲ ಪೂರ್ತಿ ಕೊಟ್ಟಿದ್ದು 2024ರ ಫೆಬ್ರವರಿಯಲ್ಲಿ.

ಮೂರನೆಯದು, ಕೊಳ್ಳುವವರು ಇದ್ದಾರಾ? ಪೇಟೆಯಲ್ಲಿದೆ ಅಂದಾಕ್ಷಣ ಮಾರಾಟವಾಗುತ್ತದೆ ಅಂತಲ್ಲ. ಬ್ರೋಕರ್ ಆ್ಯಪ್‌ನಲ್ಲಿ ಮಾರ್ಕೆಟ್ ಡೆಪ್ತ್ (ಕೊಳ್ಳುವ, ಮಾರುವ ಆರ್ಡರುಗಳ ಪಟ್ಟಿ) ತೆರೆದು, ಒಂದು ವಾರ ಸುಮ್ನೆ ನೋಡಿ. ದಿನಕ್ಕೆ ಎಷ್ಟು ಯೂನಿಟ್ ಕೈ ಬದಲಾಗುತ್ತದೆ, ಕೇಳುವ ಬೆಲೆಗೂ ಕೊಡುವ ಬೆಲೆಗೂ ಎಷ್ಟು ಅಂತರ, ಗುರುತು ಹಾಕಿಕೊಳ್ಳಿ. ಷೇರು ಪೇಟೆಯ ನಿಯಂತ್ರಕ ಸೆಬಿ 2024ರಲ್ಲಿ ನಿಯಮ ಮಾಡಿದ, ಸಣ್ಣ-ಮಧ್ಯಮ ಗಾತ್ರದ ಎಸ್‌ಎಂ ರೀಟ್‌ಗಳಲ್ಲಿ ಇದನ್ನು ಇನ್ನೂ ಜಾಸ್ತಿ ನೋಡಬೇಕು. ಅಲ್ಲಿ ಹೂಡಿಕೆ ಕನಿಷ್ಠ 10 ಲಕ್ಷ. ನೀವು ಮಾರಬೇಕಾದರೆ ಎದುರಿನವರೂ ಅಷ್ಟು ದೊಡ್ಡ ಗಂಟು ಹಿಡಿದುಕೊಂಡೇ ಬರಬೇಕು ಅಲ್ವಾ?

ಸಾಲ ಎಷ್ಟಿದೆ, ದೊಡ್ಡ ಬಾಡಿಗೆದಾರರ ಕರಾರು ಯಾವಾಗ ಮುಗಿಯುತ್ತದೆ ಅನ್ನುವುದನ್ನೂ ಒಮ್ಮೆ ನೋಡಿ. ಕಟ್ಟಡ ಖಾಲಿ ಬಿದ್ದಾಗಲೇ ಎಲ್ಲರಿಗೂ ಹೊರಗೆ ಹೋಗುವ ಆತುರ.

ಕೊನೆಗೆ, ಮುಂದಿನ ಜೂನ್‌ಗೆ ಕಟ್ಟಬೇಕಾದ ಕಾಲೇಜ್ ಫೀಸು, ಮದುವೆಗೆ ಎತ್ತಿಟ್ಟದ್ದು ಇಲ್ಲಿಗೆ ಬೇಡ. ಉಳಿದ ದುಡ್ಡು ಹಾಕುವುದಾದರೆ ಮಾರಲು ಬಂದವರನ್ನು ಕೂರಿಸಿ ಕೇಳಿ: 'ನಾಳೆ ನನಗೆ ಐದು ಲಕ್ಷ ಬೇಕು ಅಂದರೆ ಯಾರು ಕೊಡುತ್ತಾರೆ, ಎಷ್ಟು ದಿನಕ್ಕೆ, ಯಾವ ಪುಟದಲ್ಲಿ ಬರೆದಿದೆ?' ಪುಟದ ನಂಬರ್ ಹೇಳುವವರೆಗೆ ಕಾಫಿ ಕೊಡಿ, ಚೆಕ್ ಕೊಡಬೇಡಿ.