ಮರ ಓದೋದು ಕಲೀಬೇಕಾ? ಒಂದು ಅತ್ತಿ ಮರ ಹಿಡ್ಕೊಳ್ಳಿ

ಮರಗಳು ಬೇರಿನ ಮೂಲಕ ಮಾತಾಡ್ತವೆ, ತಾಯಿಮರ ಮರಿಮರಕ್ಕೆ ಊಟ ಕಳಿಸತ್ತೆ ಅಂತೆಲ್ಲಾ ವಾಟ್ಸಾಪ್‌ನಲ್ಲಿ ಬರ್ತಿರತ್ತಲ್ಲ, ಅದನ್ನ ಸ್ವಲ್ಪ ಪಕ್ಕಕ್ಕಿಡಿ. ಪೂರ್ತಿ ಸುಳ್ಳು ಅಂತಲ್ಲ. 1997ರಲ್ಲಿ ಕೆನಡಾದ ಕಾಡಿನ ವಿಜ್ಞಾನಿ ಸುಝಾನ್ ಸಿಮಾರ್ಡ್ ಮತ್ತೆ ಅವರ ಜೊತೆಯವರು ಬರ್ಚ್ ಮತ್ತು ಫರ್ ಅನ್ನೋ ಮರಗಳ ಗಿಡಗಳ ನಡುವೆ ಇಂಗಾಲ ಓಡಾಡತ್ತೆ ಅಂತ ತೋರಿಸಿದ್ರು, ಆಮೇಲೆ ಜನ ಅದಕ್ಕೆ ರೆಕ್ಕೆಪುಕ್ಕ ಕಟ್ಟಿದ್ರು, 2023ರಲ್ಲಿ ಅದೇ ವಿಷಯದ ವಿಜ್ಞಾನಿಗಳೇ ಇಷ್ಟೆಲ್ಲಾ ಹೇಳೋಕೆ ಕಾಡಲ್ಲಿ ಸಿಕ್ಕಿರೋ ಪುರಾವೆ ಸಾಲಲ್ಲ ಅಂತ ಬರೆದ್ರು. ನಮಗೆ ಅಷ್ಟು ದೂರ ಹೋಗೋ ಅಗತ್ಯನೂ ಇಲ್ಲ, ಕಣ್ಣಲ್ಲೇ ನೋಡಬಹುದಾದ ಸಂಬಂಧ ನಮ್ಮೂರ ಹಳ್ಳದ ಪಕ್ಕದಲ್ಲೇ ಇದೆ, ಅತ್ತಿ ಮರದ್ದು ಮತ್ತೆ ಅದರ ಕಾಯೊಳಗೆ ಬೆಳೆಯೋ ಕಣಜ ಅನ್ನೋ ಪುಟ್ಟ ಹಾರೋ ಹುಳದ್ದು.

ಮೊದಲು ಮರ ಹುಡುಕಿ. ಆಲ, ಅರಳಿ, ಬಸರಿ, ಗೋಣಿ ಎಲ್ಲಾ ಒಂದೇ ಕುಲದವು, ಆದ್ರೆ ಹೊಸಬರಿಗೆ ಅತ್ತಿನೇ ಬೆಸ್ಟ್, ಯಾಕಂದ್ರೆ ಅದರ ಕಾಯಿ ಕೊಂಬೆ ತುದೀಲಿ ಅಲ್ಲ, ಕಾಂಡದ ಮೇಲೇ ಗೊಂಚಲು ಗೊಂಚಲಾಗಿ ಬಿಡತ್ತೆ, ಏಣಿ ಬೇಡ, ದುರ್ಬೀನು ಬೇಡ, ನಿಂತಲ್ಲೇ ನೋಡಬಹುದು. ಹೊಳೆದಂಡೆ, ಹಳೇ ಬಾವಿ ಪಕ್ಕ, ದತ್ತಾತ್ರೇಯನ ಗುಡಿ ಇರೋ ಕಡೆ ಹುಡುಕಿ. ಸಿಕ್ಕ ಮೇಲೆ ಬೇರೆ ಬೇರೆ ಮರಕ್ಕೆ ಹೋಗ್ಬೇಡಿ, ಅದೇ ಮರಕ್ಕೆ ವಾರಕ್ಕೊಂದ್ಸಲ ಹೋಗಿ. ಕಾಯಿ ಮೂಡಿದಾಗಿಂದ ಹಣ್ಣಾಗೋವರೆಗೂ ಹೆಚ್ಚುಕಮ್ಮಿ ಎರಡು ತಿಂಗಳು, ಸೆಕೆ ಜೋರಿದ್ರೆ ಇನ್ನೂ ಬೇಗ.

ಸಣ್ಣ ಹಸಿರು ಕಾಯಿ ಒಂದನ್ನ ಕಿತ್ತು ಬ್ಲೇಡಲ್ಲಿ ಸೀಳಿ ನೋಡಿ. ಒಳಗೋಡೆ ತುಂಬಾ ಒತ್ತೊತ್ತಾಗಿ ಇರೋದೆಲ್ಲಾ ಹೂವು. ಅತ್ತಿ ಮರ ಹೂ ಬಿಡಲ್ಲ ಅನ್ನೋರು ಮನೇಲಿದ್ರೆ ಕರೆದು ತೋರಿಸಿ. ಆಮೇಲೆ ತೊಟ್ಟಿನ ಎದುರು ತುದಿ ನೋಡಿ, ಅಲ್ಲೊಂದು ಸೂಜಿಮೊನೆ ಅಷ್ಟಗಲದ ಬಾಯಿ, ಅದನ್ನ ಮುಚ್ಚಿರೋ ಪುಟ್ಟ ಎಸಳುಗಳು. ಸರಿಯಾದ ದಿನ ಹೋದ್ರೆ ಆ ಬಾಯಲ್ಲಿ ಮುರಿದ ರೆಕ್ಕೆ ಸಿಕ್ಕಾಕ್ಕೊಂಡಿರತ್ತೆ, ಮೊಬೈಲ್ ಕ್ಯಾಮೆರಾ ಝೂಮ್ ಮಾಡಿ ಹುಡುಕಿ. ಅದು ಅತ್ತಿ ಕಣಜದ್ದು. ಸೆರಟೊಸೋಲೆನ್ ಫ್ಯೂಸಿಸೆಪ್ಸ್ ಅಂತ ಹೆಸರು, ಸೊಳ್ಳೆಗಿಂತ ಸಣ್ಣದು. ಹೆಣ್ಣು ಕಣಜ ಆ ಬಾಯಲ್ಲಿ ತೂರೋವಾಗ ರೆಕ್ಕೆ ಕಿತ್ತೇ ಹೋಗತ್ತೆ, ಒಳಗೆ ಹೋಗಿ ಎದೆಯ ಸಣ್ಣ ಚೀಲದಲ್ಲಿ ತಂದಿದ್ದ ಪರಾಗ ಹಚ್ಚತ್ತೆ, ಒಂದಷ್ಟು ಹೂವಲ್ಲಿ ಮೊಟ್ಟೆ ಇಡತ್ತೆ, ಅಲ್ಲೇ ಸಾಯತ್ತೆ. ಮೊಟ್ಟೆ ಬಿದ್ದ ಹೂವಲ್ಲಿ ಮರಿ ಬೆಳಿಯತ್ತೆ, ಉಳಿದದ್ದರಲ್ಲಿ ಬೀಜ. ಈ ಕಣಜಕ್ಕೆ ಅತ್ತಿ ಬಿಟ್ರೆ ಮನೆ ಇಲ್ಲ, ಅತ್ತಿಗೆ ಈ ಕಣಜ ಬಿಟ್ರೆ ಬೀಜ ಇಲ್ಲ.

ಮುಂದಿನ ಭಾಗ ಮನೇಲೇ ನೋಡಬಹುದು, ಮಕ್ಕಳಿದ್ರೆ ಇನ್ನೂ ಮಜಾ. ಕಾಯಿ ಪೂರ್ತಿ ಬಲಿತು ಇನ್ನೂ ಕೆಂಪಾಗದೇ ಇರೋವಾಗ ನಾಲ್ಕೈದು ಕಿತ್ತು ಗಾಜಿನ ಬಾಟ್ಲಿಗೆ ಹಾಕಿ ಬಾಯಿಗೆ ತೆಳು ಬಟ್ಟೆ ಕಟ್ಟಿಡಿ. ಟೈಮಿಂಗ್ ಸರಿ ಇದ್ರೆ ಮಾರನೇ ದಿನ ಕಣಜಗಳು ಹೊರಗೆ ಬಂದಿರ್ತವೆ, ಬರಲಿಲ್ಲ ಅಂದ್ರೆ ಮೂರು ದಿನ ಬಿಟ್ಟು ಇನ್ನೊಂದು ಗೊಂಚಲಿಂದ ತನ್ನಿ. ಒಳಗೆ ಮೊದಲು ಹುಟ್ಟೋದು ರೆಕ್ಕೆ ಇಲ್ಲದ ಗಂಡು, ಅದು ಹೆಣ್ಣನ್ನ ಕೂಡತ್ತೆ, ಹೊರಗೆ ದಾರಿ ಕೊರೆಯತ್ತೆ, ಅಷ್ಟೇ ಅದರ ಬಾಳು. ಆ ದಾರೀಲಿ ಹೆಣ್ಣುಗಳು ಪರಾಗ ತುಂಬ್ಕೊಂಡು ಹೊರಗೆ. ಅವು ಹೋದ ಮೇಲೇ ಹಣ್ಣು ಕೆಂಪಾಗಿ ಮೆತ್ತಗಾಗೋದು. ನೋಡಿ ಆದ್ಮೇಲೆ ಬಾಟ್ಲಿನ ಮರದ ಹತ್ರನೇ ಬಿಚ್ಚಿ ಬಿಡಿ.

ಈಗ ಲೆಕ್ಕ ಹಾಕಿ. ಹೊರಗೆ ಬಂದ ಹೆಣ್ಣಿಗೆ ಆಯಸ್ಸು ಒಂದೆರಡು ದಿನ, ಈ ಮರದ ಕಾಯಿ ಎಲ್ಲಾ ಸುಮಾರಾಗಿ ಒಂದೇ ಹದದಲ್ಲಿರೋದ್ರಿಂದ ಇಲ್ಲಿ ಮೊಟ್ಟೆ ಇಡೋಕೆ ಜಾಗ ಇಲ್ಲ, ಅಂದ್ರೆ ಅಷ್ಟರೊಳಗೆ ಎಳೇ ಕಾಯಿ ಬಿಟ್ಟಿರೋ ಇನ್ನೊಂದು ಅತ್ತಿ ಸಿಗಲೇಬೇಕು. ಗಾಳಿ ಸಹಾಯ ಮಾಡತ್ತೆ, ಆಫ್ರಿಕಾದ ನಮೀಬಿಯಾದಲ್ಲಿ ಇದೇ ಕುಲದ ಬೇರೆ ಕಣಜ 160 ಕಿಲೋಮೀಟರ್‌ವರೆಗೂ ಪರಾಗ ಒಯ್ದಿದ್ದನ್ನ ದಾಖಲಿಸಿದ್ದಾರೆ. ಆದ್ರೂ ದೇವಸ್ಥಾನದ ಒಂದು ಮರ ಉಳಿಸಿ ಸುತ್ತಲಿನದ್ದೆಲ್ಲಾ ರಸ್ತೆಗೆ ಕಡಿದ್ರೆ ಆ ಒಂದು ಮರನೂ ಒಂಟಿನೇ. ಅದಕ್ಕೇ ನಿಮ್ಮ ಮರ ಅಷ್ಟೇ ನೋಡ್ಬೇಡಿ, ಊರ ಸುತ್ತ ಎಲ್ಲೆಲ್ಲಿ ಅತ್ತಿ ಇದೆ, ಯಾವುದರಲ್ಲಿ ಈಗ ಎಳೇ ಕಾಯಿ, ಯಾವುದರಲ್ಲಿ ಹಣ್ಣು ಅಂತ ಒಂದು ನೋಟ್‌ಬುಕ್ಕಲ್ಲಿ ಗುರುತು ಹಾಕಿ, ದನ ಮೇಯಿಸೋರನ್ನ ಕೇಳಿ, ಅವರಿಗೆ ಪ್ರತಿ ಮರನೂ ಗೊತ್ತಿರತ್ತೆ.

ಇಷ್ಟಕ್ಕೇ ಆಹಾ ಎಂಥ ಸ್ನೇಹ ಅಂದ್ಕೊಂಡ್ರೆ ಕಾಯಿ ಹೊರಮೈ ಇನ್ನೊಂದ್ಸಲ ನೋಡಿ. ಉದ್ದ ಬಾಲದಂಥದ್ದನ್ನ ಕಾಯಿಗೆ ಚುಚ್ಚಿ ಕೂತಿರೋ ಕಣಜಗಳು ಕಾಣ್ತವಲ್ಲ, ಅವು ಕಳ್ಳರು, ಪರಾಗ ಹಚ್ಚಲ್ಲ, ಹೊರಗಿಂದನೇ ಮೊಟ್ಟೆ ಇಡ್ತವೆ, ಕೆಲವಂತೂ ಒಳಗಿರೋ ಮರಿಗಳ ಮೇಲೇ ಇಡ್ತವೆ. ಅಂಥ ಒಂದರ ಚುಚ್ಚುಗೊಳವೆ ಕೂದಲಿಗಿಂತ ತೆಳು, ತುದೀಲಿ ಸತು ಇದೆ ಅಂತ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 2014ರಲ್ಲಿ ತೋರಿಸಿದ್ರು. (ಅಲ್ಲಿ ರೆನೀ ಬೋರ್ಜಸ್ ಅವರ ತಂಡ ಅತ್ತಿ ಮರದ ಮೇಲೇ ವರ್ಷಗಟ್ಟಲೆ ಕೆಲಸ ಮಾಡಿದೆ.) ಈ ಕಳ್ಳರನ್ನ ಹಿಡಿಯೋಕೆ ಚಗಳಿ ಇರುವೆ ಕಾಯ್ತಿರ್ತವೆ, ಅವೇನು ಮರದ ಮೇಲಿನ ಪ್ರೀತಿಗೆ ಬಂದಿಲ್ಲ, ಹೊಟ್ಟೆಗೆ ಬಂದಿವೆ. ಸಮುದಾಯ ಅಂದ್ರೆ ಎಲ್ಲರೂ ಒಳ್ಳೆಯವರಾಗಿರೋದು ಅಂತ ಹೇಳಿಕೊಡೋ ಪಾಠ ನನಗೆ ಅಷ್ಟು ಹಿಡಿಸಲ್ಲ, ಇಲ್ಲಿ ಕಳ್ಳನೂ ಇದ್ದಾನೆ, ಪೊಲೀಸೂ ಇದ್ದಾನೆ, ಆದ್ರೂ ಮರ ಕಾಯಿ ಬಿಡ್ತಾನೇ ಇದೆ.

ಹಣ್ಣಾದ ವಾರ ಬೆಳಿಗ್ಗೆ ಬೇಗ ಹೋಗಿ. ಕುಟ್ರು, ಕೋಗಿಲೆ, ಪಿಕಳಾರ, ಹಸಿರು ಪಾರಿವಾಳ, ಮಲೆನಾಡಲ್ಲಿದ್ರೆ ಮಂಗಟ್ಟೆನೂ ಬರತ್ತೆ, ರಾತ್ರಿ ಪಾಳಿ ಬಾವಲಿಗಳದ್ದು. ಬೇರೆ ಬೇರೆ ಮರ ಬೇರೆ ಬೇರೆ ಕಾಲಕ್ಕೆ ಹಣ್ಣು ಬಿಡೋದ್ರಿಂದ ಬೇರೇನೂ ಸಿಗದ ತಿಂಗಳಲ್ಲೂ ಇವಕ್ಕೆ ಎಲ್ಲೋ ಒಂದು ಕಡೆ ಊಟ ಇರತ್ತೆ. ಹಿಕ್ಕೆಯಲ್ಲಿ ಬಿದ್ದ ಬೀಜ ಎಲ್ಲಿ ಮೊಳೆಯತ್ತೆ ಅಂತ ನೋಡೋಕೆ ಹಳೇ ಮನೆ ಗೋಡೆ ಸಂದಿ ನೋಡಿದ್ರೆ ಸಾಕು.

ಮರಕ್ಕೆ ನಿಮ್ಮ ಕಡೆಯಿಂದ ಏನಾದ್ರೂ ಮಾಡ್ಬೇಕು ಅನ್ಸಿದ್ರೆ ಬುಡಕ್ಕೆ ಕಾಂಕ್ರೀಟ್ ಹಾಕೋದು ತಡೀರಿ, ಒಣ ಎಲೆಗೆ ಬೆಂಕಿ ಇಡೋದು ಬೇಡ, ಹುಳ ಬೀಳತ್ತೆ ಅಂತ ಔಷಧಿ ಹೊಡೆಸೋದಂತೂ ಬೇಡವೇ ಬೇಡ, ಕಣಜ ಸತ್ರೆ ಕಾಯಿ ಹಾಗೇ ಉದುರಿ ಹೋಗತ್ತೆ. ಯಾರಾದ್ರೂ ಕಡಿಯೋಕೆ ಬಂದ್ರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಪರ್ಮಿಷನ್ ಇದೆಯಾ ಅಂತ ಕೇಳಿ.

ಹೊಸದಾಗಿ ನೆಡೋದಾದ್ರೆ ಮನೆ ಗೋಡೆ, ಡ್ರೈನೇಜ್ ಪೈಪ್, ಕೆರೆ ಏರಿ ಈ ಮೂರರಿಂದ ದೂರ. ಗೋಮಾಳ, ಶಾಲೆ ಬಯಲು ಸರಿ. ಅತ್ತಿಗೆ ಸಸಿನೇ ತನ್ನಿ, ಆಲಕ್ಕಾದ್ರೆ ಮಳೆ ಶುರುವಾಗೋ ಹೊತ್ತಿಗೆ ಆಳೆತ್ತರದ ದಪ್ಪ ಕೊಂಬೆ ನೆಟ್ರೂ ಬೇರು ಬಿಡತ್ತೆ. ಹುಲಿಕಲ್–ಕುದೂರು ರಸ್ತೇಲಿ ಸಾಲುಮರದ ತಿಮ್ಮಕ್ಕ ಮತ್ತೆ ಅವರ ಗಂಡ ಆಲ ಬೆಳೆಸಿದ್ದು ಕೊಡದಲ್ಲಿ ನೀರು ಹೊತ್ತು, ದನ ಮೇಯದ ಹಾಗೆ ಮುಳ್ಳು ಕಟ್ಟಿ. ನೀವೂ ಮುಳ್ಳು ಕಟ್ಟಿ, ಮೊದಲ ಎರಡು ಬೇಸಿಗೆ ನೀರು ಯಾರು ಹಾಕ್ತಾರೆ ಅಂತ ನೆಡೋ ಮುಂಚೆನೇ ಮಾತಾಡ್ಕೊಳ್ಳಿ, ಫೋಟೋ ತೆಗೆಸ್ಕೊಂಡು ಹೋಗೋರು ಆಗ ತಾವಾಗೇ ಜಾಗ ಖಾಲಿ ಮಾಡ್ತಾರೆ.