ಕೃಷಿ ಹೊಂಡದ ಹಾಳೆಗೆ ಗೇಣುದ್ದ ಸಡಿಲು ಬಿಡಿ

ಮಳೆಗೆ ಮೊದಲೇ ಮುಗಿಸುವ ಆತುರದಲ್ಲಿ ಮೇ ತಿಂಗಳ ನಡುಮಧ್ಯಾಹ್ನ ಕೃಷಿ ಹೊಂಡಕ್ಕೆ ಪ್ಲಾಸ್ಟಿಕ್ ಹಾಳೆ ಹಾಸುವುದನ್ನು ಲಿಂಗಸುಗೂರು, ಕುಷ್ಟಗಿ ಕಡೆಯ ಹೊಲಗಳಲ್ಲಿ ಹಲವು ಸಲ ನೋಡಿದ್ದೇನೆ. ಮುಂದೆ ಮೂಲೆಗಳಲ್ಲಿ ಸೀಳು ಕಂಡಾಗ ಬೈಗುಳ ಅಂಗಡಿಯವನಿಗೆ; ತಪ್ಪು ಬಹುಪಾಲು ಹಾಸಿದ ಹೊತ್ತಿನದು.

ಹಾಳೆ ಅರ್ಧ ಮಿ.ಮೀ., ಅಂದರೆ 500 ಮೈಕ್ರಾನ್‌ಗಿಂತ ತೆಳುವಾಗಿದ್ದರೆ ಕೊಳ್ಳಲೇಬೇಡಿ. ಮರುಬಳಕೆ ಪ್ಲಾಸ್ಟಿಕ್ಕಿನ ಅಗ್ಗದ ಕಪ್ಪು ತಾಡಪತ್ರಿ ರಾಶಿ ಮುಚ್ಚಲು ಸರಿ, ಹೊಂಡಕ್ಕಲ್ಲ. ಒಳ್ಳೆಯ ಹಾಳೆಗೆ ಆಮ್ಲಜನಕದ ದಾಳಿ ತಡೆಯುವ ಉತ್ಕರ್ಷಣ ನಿರೋಧಕ ಬೆರೆಸಿರುತ್ತಾರೆ. ಶಾಖ ಹೆಚ್ಚಿದಷ್ಟೂ ಅದು ಬೇಗ ಸವೆದು, ಬಳಿಕ ಆಮ್ಲಜನಕವು ಪಾಲಿಥೀನನ್ನೇ ತಿನ್ನತೊಡಗಿ, ಹಾಳೆ ಪೆಡಸಾಗಿ ಬಿರಿಯುತ್ತದೆ. ನಗರಗಳ ಕಸದ ಗುಂಡಿಯ ತಳಕ್ಕೆ ಹಾಸುವ 1.5 ಮಿ.ಮೀ. ಎಚ್‌ಡಿಪಿಇ (ಗಟ್ಟಿ ಪಾಲಿಥೀನ್) ಹಾಳೆ ಮಣ್ಣಿನಡಿ 20 ಡಿಗ್ರಿಯಲ್ಲಿ 400 ವರ್ಷ ಮೀರಿ ಬಾಳೀತೆಂದು ಹೇಳುವ ಪ್ರಯೋಗಾಲಯದ ಅಂದಾಜೇ, 40 ಡಿಗ್ರಿಯಲ್ಲಿ ಅದನ್ನು 70 ವರ್ಷದ ಆಸುಪಾಸಿಗೆ ಇಳಿಸುತ್ತದೆ. ನಮ್ಮ ತೆಳು ಹಾಳೆಯೋ ಬಿಸಿಲಿಗೇ ಬಿದ್ದಿರುತ್ತದೆ. ಆದ್ದರಿಂದ ಸುರುಳಿಯನ್ನು ಹಾಸುವ ದಿನದವರೆಗೆ ಬೇವಿನ ನೆರಳಿನಲ್ಲಾದರೂ ಇಡಿ.

ಹೊಂಡದ ಮೈಯಿಂದ ಕಲ್ಲು, ಬೇರು, ಜೇಕಿನ ಗಡ್ಡೆ ತೆಗೆದು, ಎರೆಮಣ್ಣಿನ ಬಿರುಕು ಮುಚ್ಚಿ, ದಮ್ಮಸು ಮಾಡಿ.

ಇನ್ನು ಹಾಸುವ ಕೆಲಸ. ಬಿಸಿಲಿನಲ್ಲಿ ಕಪ್ಪು ಹಾಳೆ ಗಾಳಿಗಿಂತ ಬಹಳ ಹೆಚ್ಚು ಕಾಯ್ದು ಹಿಗ್ಗುತ್ತದೆ. ಬೆಳಗಿಗೂ ಮಧ್ಯಾಹ್ನಕ್ಕೂ 40 ಡಿಗ್ರಿ ಅಂತರವಾದರೆ 30 ಮೀಟರ್ ಉದ್ದಕ್ಕೆ ಹೆಚ್ಚುಕಡಿಮೆ ಒಂದು ಗೇಣು. ಹಿಗ್ಗಿದ ಹಾಳೆಯ ಸುಕ್ಕು ಅಂದಗೆಟ್ಟಿತೆಂದು ಎಳೆದು ಬಿಗಿದು, ಅದರ ಅಂಚು ಹೂಳಲು ದಂಡೆಯ ಮೇಲೆ ತೋಡಿದ ಕಾಲುವೆಗೆ ಮಣ್ಣು ತುಂಬಿಬಿಟ್ಟರೆ, ರಾತ್ರಿ ಅದೇ ಹಾಳೆ ಕುಗ್ಗಿ, ಇಳಿಜಾರು ತಳವನ್ನು ಕೂಡುವ ಅಂಚಿನಲ್ಲಿ ನೆಲ ಬಿಟ್ಟು ತಮಟೆಯ ಚರ್ಮದಂತೆ ಸೆಟೆದು ನಿಲ್ಲುತ್ತದೆ. ಆಮೇಲೆ ತುಂಬುವ ನೀರಿನ ಭಾರವೆಲ್ಲ ಆ ಸೆಟೆದ ಜಾಗದ ಮೇಲೆ, ಅದರಲ್ಲೂ ಹಾಳೆಗಳನ್ನು ಕಾಯಿಸಿ ಕೂಡಿಸಿದ ಬೆಸುಗೆಯ ಮೇಲೆ ಬೀಳುತ್ತದೆ. ಹಾಗಾಗಿ ಹಾಳೆಯನ್ನು ನಸುಕಿನಲ್ಲಿ ಬಿಚ್ಚಿ, ಆ ಅಂಚಿನುದ್ದಕ್ಕೂ ಗೇಣು ಸಡಿಲು ಬಿಟ್ಟು, ಮರಳಿನ ಚೀಲಗಳನ್ನಷ್ಟೇ ಹೇರಿ ಒಂದು ಹಗಲು, ಒಂದು ರಾತ್ರಿ ಬಿಡಿ. ಕಾಲುವೆಗೆ ಮಣ್ಣು ತುಂಬುವುದು ಮರುದಿನ ಬಿಸಿಲೇರುವ ಮೊದಲು, ಹಾಳೆ ಪೂರ್ತಿ ಕುಗ್ಗಿರುವಾಗ. ಕೂಲಿ ಒಂದು ದಿನ ಹೆಚ್ಚಾಗುತ್ತದೆಂದು ಗುತ್ತಿಗೆದಾರರು ಗೊಣಗಿದರೂ ಒಪ್ಪಬೇಡಿ.

ಬೆಸುಗೆಯ ಯಂತ್ರದ ಶಾಖವನ್ನು ಬೆಳಿಗ್ಗೆಯೊಮ್ಮೆ, ಮಧ್ಯಾಹ್ನವೊಮ್ಮೆ ತುಂಡು ಹಾಳೆಯ ಮೇಲೆ ಪರೀಕ್ಷಿಸಬೇಕು. ತುಂಡನ್ನು ಎಳೆದಾಗ ಹಾಳೆಯೇ ಹರಿಯಬೇಕು, ಬೆಸುಗೆ ಬಿಚ್ಚಿಕೊಳ್ಳಬಾರದು.

ನೀರಿನಡಿಯ ಭಾಗ ತಂಪಾಗಿರುತ್ತದೆ. ಬೇಗ ಸಾಯುವುದು ಮೇಲಿನ ಬತ್ತಲೆ ಪಟ್ಟಿ. ದಂಡೆಯ ಮೇಲೆ ಗೇಣು ಮಣ್ಣು ಮುಚ್ಚಿ. ಇಳಿಜಾರಿನಲ್ಲಿ ಮಣ್ಣು ನಿಲ್ಲದು, ಅಲ್ಲಿಗೆ ನೆರಳು ಪರದೆ ಕಟ್ಟಿ. ಆದರೆ ಅದರ ಗೂಟಗಳನ್ನು ಕಾಲುವೆಯ ಹೊರಗೇ ನೆಡಿ, ಹಾಳೆಗೆ ತೂತು ಕೊರೆಯಬೇಡಿ.